ಓದದೆ ಬಿಟ್ಟ ಸಾಲು

ಬಸವಕಲ್ಯಾಣದ ಒಬ್ಬ ರಾಜಕಾರಣಿಯ ಬಳಿ ನಾನು ಹದಿನಾಲ್ಕು ವರ್ಷ ಪತ್ರಿಕಾ ಹೇಳಿಕೆ ಬರೆಯುವ ಕೆಲಸ ಮಾಡಿದೆ. ಉದ್ಘಾಟನೆಯಾದರೆ ವರದಿ, ಆರೋಪ ಬಂದರೆ ಸ್ಪಷ್ಟೀಕರಣ, ಯಾರಾದರೂ ತೀರಿಕೊಂಡರೆ ಸಂತಾಪ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ.

ಸಾಹೇಬರು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಲೀಲಾಜಾಲವಾಗಿ ಮಾತಾಡುತ್ತಿದ್ದರು, ಓದುವುದು ಮಾತ್ರ ನಿಧಾನ. ಹೀಗಾಗಿ ಬರೆದದ್ದನ್ನೆಲ್ಲ ನಾನು ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಿ "ಹಾಂ, ಕಳಸ್ರಿ" ಎನ್ನಬೇಕು. ಅವರಿಗೆ ಸಿಟ್ಟು ಬರುವಂಥ ಸಾಲು ಇದ್ದರೆ ನಾನು ಅದನ್ನು ದಾಟಿ ಓದುತ್ತಿದ್ದೆ. ದನಿ ತಡವರಿಸದೆ ಒಂದು ಸಾಲು ಬಿಟ್ಟು ಮುಂದಿನದಕ್ಕೆ ಹೋಗುವುದು ನನಗೆ ರೂಢಿಯಾಗಿತ್ತು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದೆ ನಡೆದದ್ದು ಈ ರೂಢಿಯಿಂದಲೇ.

ಒಂದು ಬೇಸಿಗೆಯಲ್ಲಿ ಹುಮನಾಬಾದಿನಲ್ಲಿ ಸಾಹೇಬರ ಸಭೆ ಇತ್ತು. ಮಧ್ಯಾಹ್ನ ಗಾಳಿ ಎದ್ದು ವೇದಿಕೆಯ ಪಕ್ಕದ ಕಬ್ಬಿಣದ ಕಮಾನು ಬಿತ್ತು. ನಿರ್ಣಾ ಕಡೆಯಿಂದ ಬಂದಿದ್ದ ಒಬ್ಬ ಕೂಲಿ ಹೆಣ್ಣುಮಗಳು ಅದರ ಕೆಳಗೆ ಸಿಕ್ಕಿ ಸೊಂಟದ ಎಲುಬು ಮುರಿದುಕೊಂಡರು. ಸಂಜೆಯೊಳಗೆ ಎದುರು ಪಕ್ಷದವರು, ಹಳ್ಳಿಯ ಬಡವರನ್ನು ಗಾಡಿಯಲ್ಲಿ ತುಂಬಿಕೊಂಡು ಬಂದು ಹೀಗೆ ಮಾಡಿದರು ಎಂದು ವಿಡಿಯೊ ಹರಡಿದರು.

ಮರುದಿನ ಮುಂಜಾನೆ ಸಾಹೇಬರು ನನ್ನನ್ನು ಕರೆದರು.

"ಆಕಿ ಹೆಸರಿಲೇ ಒಂದು ಬಯಾನ್ ಮಾಡ್ರಿ. ಯಾರ ಮ್ಯಾಲೂ ತಕರಾರಿಲ್ಲ ಅಂತ. ಮತ್ತ ಆಕಿ ಸಭಾಕ್ಕ ಬಂದಿದ್ದಿಲ್ಲ, ರಸ್ತಾದಾಗ ಹೊಂಟಿದ್ದಳು, ಅದೂ ಒಂದು ಸಾಲು ಹಾಕ್ರಿ."

ನಾನು ಹಾಕಿದೆ. ಹತ್ತು ಸಾಲಿನ ಹೇಳಿಕೆ, ರಸ್ತೆಯ ಆ ಸಾಲು ಏಳನೆಯದು.

ಹುಮನಾಬಾದಿನ ಆಸ್ಪತ್ರೆಗೆ ಹೋದಾಗ ಆ ಹೆಣ್ಣುಮಗಳು ಕಿಟಕಿ ಪಕ್ಕದ ಮಂಚದಲ್ಲಿದ್ದರು. ನನಗಿಂತ ಹಿರಿಯರು. ಆಯಿ ಎಂದು ಕರೆದೆ. ಮಗಳು ಔಷಧ ತರಲು ಹೊರಗೆ ಹೋಗಿದ್ದಳು. ಏನಾಯಿತು ಎಂದು ಕೇಳುವ ಮೊದಲೇ ಆಯಿ ಶುರು ಮಾಡಿದರು.

"ಸಾಹೇಬ್ರ ಮಂದಿ ಟೆಂಪೋದಾಗ ಕರ್ಕೊಂಡು ಬಂದ್ರಿ ಯಪ್ಪಾ. ಫ್ಯಾನಿನ ಗಾಳಿ ಬರ್ತದಂತ ನಾನೇ ಹೋಗಿ ಮುಂದ ಕುಂತೆ. ಗಾಳಿನೂ ಬಂತು, ಕಮಾನೂ ಬಂತು." ನೋವಿನಲ್ಲೂ ನಕ್ಕರು. ನನ್ನ ಕೈಯಲ್ಲಿದ್ದ ಹಾಳೆ ನೋಡಿ, "ಅದರಾಗ ನಾ ಏನೇನ್ ಅಂದೀನಿ ಓದ್ರಿ, ಕೇಳ್ತೀನಿ" ಎಂದರು.

ಓದಿದೆ. ಆರನೆಯ ಸಾಲು ಮುಗಿಯಿತು. ಏಳನೆಯದು ಕಣ್ಣ ಮುಂದಿತ್ತು. ಮುಂದೆ ಕೂತಿದ್ದೆ ಎಂದು ಈಗಷ್ಟೇ ಹೇಳಿದವರ ಮುಖ ನೋಡಿಕೊಂಡು ಅದನ್ನು ಓದಲು ನನಗೆ ನಾಚಿಕೆಯಾಯಿತು. ಎಂಟನೆಯದಕ್ಕೆ ಹೋದೆ. ದನಿ ತಡವರಿಸಲಿಲ್ಲ.

"ಭಾಳ ಶಾಣ್ಯಾಕಿ ಮಾಡೀರಿ ನನಗ" ಎಂದು ಆಯಿ ಎಡಗೈ ಹೆಬ್ಬೆಟ್ಟು ಒತ್ತಿದರು. ನಾಚಿಕೆಗೆ ಸಾಲು ಬಿಟ್ಟವನು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ನಾಚಲಿಲ್ಲ.

ಹೇಳಿಕೆ ಪತ್ರಿಕೆಗಳಲ್ಲಿ ಬಂತು. ಗದ್ದಲ ತಣ್ಣಗಾಯಿತು. ಸಾಹೇಬರು ನನ್ನ ಭುಜ ತಟ್ಟಿದರು. ಆಯಿಗೆ ಕಲಬುರಗಿಯಲ್ಲಿ ಆಪರೇಷನ್ ಆಗಬೇಕಿತ್ತು. ಅದನ್ನು ನಾವೇ ಮಾಡಿಸುತ್ತೇವೆ ಎಂದಿದ್ದ, ಸಭೆ ನಡೆಸಿದ್ದ ಸಾಹೇಬರ ಮಂದಿ ಆಸ್ಪತ್ರೆ ಕಡೆ ಸುಳಿಯುವುದನ್ನು ಬಿಟ್ಟರು. ದಾರಿಯಲ್ಲಿ ಹೊರಟವರಿಗೆ ನಾವು ಯಾಕೆ ಮಾಡಿಸಬೇಕು ಎಂಬುದು ಅವರ ಮಾತು.

ಎರಡು ವಾರದ ಮೇಲೆ ಮಗಳು ಬಸವಕಲ್ಯಾಣದ ಕಚೇರಿಗೆ ಬಂದಳು. ಪತ್ರಿಕೆಯ ತುಂಡು ಮೇಜಿನ ಮೇಲಿಟ್ಟು ಏಳನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಕಾಕಾ, ಅವ್ವಗ ಇದೂ ಓದಿ ಹೇಳಿದ್ರೇನ್ರಿ?"

"ಎಲ್ಲಾ ಓದೀನವ್ವ."

ಅವಳು ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ತುಂಡನ್ನು ಮಡಚುತ್ತ, "ಅವ್ವನೂ ಹಂಗೇ ಅಂತಾಳ್ರಿ. ಓದೋರು ಯಾಕ ಬಿಡ್ತಾರ, ಪೆಟ್ಟು ಬಿದ್ದದಲ್ಲ, ನನಗೇ ನೆನಪು ಇರಲಿಕ್ಕಿಲ್ಲ ಅಂತಾಳ. ಟೆಂಪೋದಾಗ ಬಂದಿದ್ದು ಖರೆನೋ ಸುಳ್ಳೋ ಅಂತ ನನಗೇ ಕೇಳಾಕತ್ಯಾಳ" ಎಂದಳು.

ಅವಳು ಹೋದ ಮೇಲೆ ಒಂದು ಹೇಳಿಕೆ ಬರೆಯಲು ಕೂತೆ. ತಾರೀಖು ಬರೆದು ಪೆನ್ನು ಕೆಳಗಿಟ್ಟೆ. ಎದುರು ಪಕ್ಷದವರ ಮಾತನ್ನು ಸುಳ್ಳು ಮಾಡುವುದು ನನ್ನ ಕೆಲಸ, ಅದಕ್ಕೆ ನಾನು ಯಾವತ್ತೂ ಹೆದರಿದವನಲ್ಲ. ಆದರೆ ಒಬ್ಬರು ತಮ್ಮ ಕಣ್ಣಾರೆ ಕಂಡದ್ದನ್ನೇ ನಂಬದ ಹಾಗೆ ಮಾಡಿದ್ದೆ.

ಆಪರೇಷನ್ ಖರ್ಚು ಸಭೆ ನಡೆಸಿದವರೇ ಕೊಡಬೇಕು ಎಂದು ಮಗಳು ಕೊಟ್ಟ ಅರ್ಜಿಯ ಮೇಲೆ ಒಬ್ಬ ಅಧಿಕಾರಿ ಆಸ್ಪತ್ರೆಗೇ ವಿಚಾರಣೆಗೆ ಬಂದರು. ಹೇಳಿಕೆ ಬರೆದವನೆಂದು ನನ್ನನ್ನೂ ಕರೆಸಿದರು. ನಾನು ಹೊರಡುವಾಗ ಸಾಹೇಬರು "ಎಲ್ಲಾ ಓದೀನಿ ಅನ್ರಿ, ಮುಗೀತು" ಎಂದಿದ್ದರು.

ಸಭೆಯಲ್ಲಿ ಇದ್ದಿರಾ ಎಂದು ಅಧಿಕಾರಿ ಕೇಳಿದಾಗ ಆಯಿ ನನ್ನ ಕಡೆ ನೋಡಿದರು.

"ಬಯಾನ್‌ದಾಗ ಏನದ, ಅದೇ ಇರಬೇಕ್ರಿ. ಇವ್ರೇ ಓದಿ ಹೇಳ್ಯಾರ."

ನಾನು ಎದ್ದು ನಿಂತೆ. "ಏಳನೇ ಸಾಲು ನಾನು ಓದಲಿಲ್ಲ ಸರ್. ಅದು ಆಯಿ ಹೇಳಿದ ಮಾತಲ್ಲ. ಟೆಂಪೋದಲ್ಲಿ ಬಂದು ಮುಂದೆ ಕೂತಿದ್ದೆ ಎಂದು ಅವರು ಅವತ್ತೇ ನನಗೆ ಹೇಳಿದ್ದರು."

ಮಗಳು ನನ್ನತ್ತ ನೋಡಲಿಲ್ಲ. ಆಯಿ "ಅಂದ್ರ ನನ್ನ ತಲಿ ಛಲೋ ಅದ" ಎಂದರು.

ಅಧಿಕಾರಿಯ ಜೊತೆ ಬಂದಿದ್ದ ಗುಮಾಸ್ತರು ನನ್ನ ಮಾತು ಬರೆದುಕೊಂಡರು. ಸಹಿಗೆ ಮೊದಲು ಅದನ್ನು ನನಗೆ ಓದಿ ಹೇಳುವುದು ಪದ್ಧತಿ. ಅವರು ಮೆಲ್ಲಗೆ ಶುರು ಮಾಡಿದಾಗ ಆಯಿ ದಿಂಬಿನಿಂದ ತಲೆ ಎತ್ತಿದರು.

"ನನಗೂ ಕೇಳಂಗ ಓದ್ರಿ. ಒಂದೂ ಬಿಡಬ್ಯಾಡ್ರಿ."

ಗುಮಾಸ್ತರು ಮತ್ತೆ ಮೊದಲಿನಿಂದ ಓದಿದರು. ನಾನು ಸಹಿ ಮಾಡಿದೆ. ಸಾಹೇಬರ ಕಚೇರಿಗೆ ಮತ್ತೆ ಹೋಗಲಿಲ್ಲ, ಕರೆಯೂ ಬರಲಿಲ್ಲ. ಖರ್ಚನ್ನು ಸಾಹೇಬರ ಮಂದಿಯೇ ಕೊಡಬೇಕಾಯಿತು, ಆದರೆ ಆಪರೇಷನ್ ಆದದ್ದು ಕಮಾನು ಬಿದ್ದ ಇಪ್ಪತ್ತಾರನೆಯ ದಿನ. ಮೊದಲ ವಾರದಲ್ಲೇ ಆಗಬೇಕಿತ್ತು ಎಂದು ವೈದ್ಯರು ಹೇಳಿದರಂತೆ. ಆಯಿ ಈಗ ಕೋಲು ಹಿಡಿದು ನಡೆಯುತ್ತಾರೆ.