ಕರಿಯಮ್ಮ ಕೇಳಿಸಿಕೊಂಡ ಸದ್ದು

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ಶಾಂತರಾಜು ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡವನು. ಅವನನ್ನು ಸಾಕಿದವಳು ಅಕ್ಕ ಕರಿಯಮ್ಮ. ಭೀಮನಬೀಡಿನಲ್ಲಿ ಕಂಡವರ ಹೊಲಕ್ಕೆ ಕೂಲಿಗೆ ಹೋಗಿ ತಮ್ಮನನ್ನು ಓದಿಸಿದಳು. ಎರಡು ಸಾವಿರದ ಐದರಲ್ಲಿ ಅವನು ಊರಾಚೆಯ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ, ಗಂಡ ತೀರಿಕೊಂಡು ಒಂಟಿಯಾಗಿದ್ದ ಅಕ್ಕನನ್ನು ತಾನೇ ಹೋಗಿ ಕರೆತಂದ.

ಮೂರು ವರ್ಷ ಕಳೆದು, ಮಳೆಗಾಲ ಮುಗಿಯುವ ಹೊತ್ತಿಗೆ ಬಚ್ಚಲಿನ ನೀರು ಇಳಿಯುವುದು ನಿಧಾನವಾಯಿತು. ಮೊದಲು ಗಮನಿಸಿದವಳು ಕರಿಯಮ್ಮನೇ.

"ಸಾಂತ್ರಾಜ, ಬಚ್ಲಲ್ಲಿ ನೀರು ಉಯ್ದ್ರೆ ಪಾಯ್ಖಾನೇಲಿ ಗೊಳಗೊಳ ಅಂತದೆ ಕಣ. ಒಳ್ಗೆ ಎಲ್ಲೋ ಕಟ್ಕಂಡದೆ. ಒಂದ್ಸಲ ನೋಡ್ಸು," ಅಂದಳು.

ಅವನು ಅಂಗಡಿಯಿಂದ ಆಸಿಡ್ ತಂದು ಸುರಿದು ಸುಮ್ಮನಾದ. ಕೆಲವು ದಿನ ಕಳೆದು, ಬೆಳಗ್ಗೆ ಬಾಗಿಲು ತೆಗೆದರೆ ನಾತ ಬರುತ್ತದೆಂದೂ, ಹಿತ್ತಲಿನಲ್ಲಿ ಕೊಳಚೆ ಪೈಪಿನ ಚೇಂಬರ್ ಮುಚ್ಚಿದ ಕಲ್ಲಿನ ಸುತ್ತ ಬಿಸಿಲಲ್ಲೂ ನೆಲ ಜವುಗಾಗಿ ಹುಲ್ಲು ಎದ್ದಿದೆಯೆಂದೂ ಅಕ್ಕ ಮತ್ತೆ ಹೇಳಿದಳು. ಸುಗ್ಗಿ ಮುಗಿಯಲಿ ಎಂದು ಅವನು ಮುಂದಕ್ಕೆ ಹಾಕಿದ.

ಒಂದು ಭಾನುವಾರ ಹೆಂಡತಿ ಕುಮಾರಿಯ ತವರಿನವರು ಊಟಕ್ಕೆ ಬಂದಿದ್ದರು. ಎಲೆ ಹಾಕುವ ಹೊತ್ತಿಗೆ ಬಚ್ಚಲಿನ ತೂಬಿನಿಂದ ಕಪ್ಪು ನೀರು ಉಕ್ಕಿ ನಡುಮನೆಯ ಹೊಸ್ತಿಲಿಗೆ ಬಂತು. ನೆಂಟರು ಮೂಗಿಗೆ ಸೆರಗು ಹಿಡಿದರು. ಶಾಂತರಾಜುವಿಗೆ ಅವಮಾನದಿಂದ ಮೈಯೆಲ್ಲ ಉರಿಯಿತು.

"ಬಯಲಿಗೆ ಓಗಿ ರೂಢಿಯಾದವಳ್ಗೆ ಇದೆಲ್ಲ ಎಲ್ಲಿ ಗೊತ್ತಾಯ್ತದೆ? ಬೂದಿ, ನಾರು, ಕೂದ್ಲು ಎಲ್ಲಾನೂ ಒಳಕ್ಕೇ ಬುಟ್ಟಿದ್ದೀಯ," ಎಂದು ಎಲ್ಲರೆದುರಿಗೇ ಅಕ್ಕನಿಗೆ ಅಂದುಬಿಟ್ಟ.

ಕರಿಯಮ್ಮ ಸೀರೆ ಎತ್ತಿ ಕಟ್ಟಿ, ಪೊರಕೆ ಹಿಡಿದು ಆ ನೀರನ್ನೆಲ್ಲ ಒಬ್ಬಳೇ ಹೊರಕ್ಕೆ ತಳ್ಳಿ ತೊಳೆದಳು. ಮಾರನೆಯ ಬೆಳಗ್ಗೆ ಬಟ್ಟೆಗಂಟು ಹಿಡಿದು ಭೀಮನಬೀಡಿನ ಬಸ್ಸು ಹತ್ತಿದಳು.

ಆಮೇಲೆ ಪ್ಲಂಬರ್ ಚಿಕ್ಕಮಾದು ಬಂದು ಹಿತ್ತಲು ಅಗೆಸಿ ಪೈಪು ಬಿಚ್ಚಿದ. ಪೈಪಿನ ತುಂಡುಗಳು ಕೂಡುವ ಸಂದಿನಿಂದ ನುಗ್ಗಿದ ಸೀಬೆಮರದ ಬೇರು ಒಳಗೆಲ್ಲ ಜಡೆಯಂತೆ ಹೆಣೆದುಕೊಂಡಿತ್ತು. ಬೂದಿಯೂ ಇರಲಿಲ್ಲ, ನಾರೂ ಇರಲಿಲ್ಲ. ಆ ಸೀಬೆಯನ್ನು ಪೈಪಿನ ಪಕ್ಕದಲ್ಲೇ ನೆಟ್ಟವನು ಶಾಂತರಾಜು. ಸದ್ದು ಬಂದಾಗಲೇ ಕರೆದಿದ್ದರೆ ಅರ್ಧ ದಿನದ ಕೆಲಸವಾಗಿತ್ತು ಎಂದ ಚಿಕ್ಕಮಾದು. ಶಾಂತರಾಜು ಅಲ್ಲೇ ಮಣ್ಣಗುಡ್ಡೆಯ ಮೇಲೆ ಕೂತುಬಿಟ್ಟ.

ಮರುದಿನ ಭೀಮನಬೀಡಿಗೆ ಹೋದ. ಅಕ್ಕ ಚೆಂಡುಹೂವಿನ ಹೊಲದಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದಳು.

"ತಪ್ಪಾಯ್ತು ಕಣಕ್ಕ. ನಿನ್ನಿಂದ ಆದದ್ದಲ್ಲ. ಬಾ, ಮನೆಗೆ ಓಗನ."

ಅವಳು ತಲೆಯೆತ್ತಿ ನೋಡಿದಳು. "ಈಗ ನೀರು ಸಲೀಸಾಗಿ ಓಯ್ತದಾ?"

"ಓಯ್ತದೆ."

"ಅಷ್ಟಾದ್ರೆ ಸಾಕು ಬುಡು. ಬಾ, ಉಣ್ಣುವಂತೆ."

ತನ್ನ ಹಳೆಯ ಮನೆಗೆ ಕರೆದೊಯ್ದು ಮುದ್ದೆ ಇಕ್ಕಿದಳು, ಕುಮಾರಿಯ ಆರೋಗ್ಯ ವಿಚಾರಿಸಿದಳು. ಕೋಪದ ಮಾತು ಒಂದೂ ಬರಲಿಲ್ಲ. ಆದರೆ ಜೊತೆಗೆ ಹೊರಡಲೂ ಇಲ್ಲ.

ಮುಂದೆ ಹಬ್ಬಕ್ಕೆ ಕರೆದರೆ ತಪ್ಪದೆ ಬರುತ್ತಿದ್ದಳು. ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಅವಳು ಆ ಮನೆಯ ಬಚ್ಚಲಿಗಾಗಲಿ ಪಾಯಿಖಾನೆಗಾಗಲಿ ಕಾಲಿಡುವುದಿಲ್ಲವೆಂಬುದನ್ನೂ, ಅದಕ್ಕಾಗಿಯೇ ನೀರನ್ನೂ ಕುಡಿಯದೆ ಕೂರುತ್ತಾಳೆಂಬುದನ್ನೂ ಕುಮಾರಿ ಹೇಳಿದ ಮೇಲಷ್ಟೇ ಶಾಂತರಾಜು ತಿಳಿದುಕೊಂಡ. ಇನ್ನೊಮ್ಮೆ ಕ್ಷಮೆ ಕೇಳಬೇಕೆಂದು ಪ್ರತಿ ಸಲವೂ ಬಸ್‌ ಸ್ಟ್ಯಾಂಡಿನವರೆಗೆ ಅಕ್ಕನ ಜೊತೆ ನಡೆಯುತ್ತಿದ್ದ. ಕೇಳದೆಯೇ ಅವಳನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಕೆಳಗಿಳಿಯುತ್ತಿದ್ದ.