ಹೆಸರು ಹೇಳಿ ಹಾಡುವವಳು

ಬುಖಾರ ಪಟ್ಟಣದ ಹೌಜ್ ಕೊಳದ ಹಿಂದಿರುವ ಯಹೂದಿ ಓಣಿಯಲ್ಲಿ ಬುಲೂರಳನ್ನು ಹುಡುಕಿಕೊಂಡು ಬರುವವರು ಮನೆಯ ನಂಬರು ಕೇಳುವುದಿಲ್ಲ. ಓಣಿಯ ಬಾಯಲ್ಲಿ ನಿಂತು "ಹಾಡೋ ಅಮ್ಮನ ಮನೆ ಯಾವುದು?" ಅಂದರೆ ಸಾಕು, ಸೈಕಲ್ ರಿಪೇರಿಯವನು ಸ್ಪ್ಯಾನರ್ ಹಿಡಿದ ಕೈಯಲ್ಲೇ ತೋರಿಸಿಬಿಡುತ್ತಾನೆ. ವಯಸ್ಸು ಅರವತ್ತನಾಲ್ಕು. ಮಂಡಿ ಎರಡೂ ಕೈಕೊಟ್ಟಿವೆ, ಗಂಟಲು ಮಾತ್ರ ಗಟ್ಟಿಯಾಗಿದೆ. ಗಂಡ ತೀರಿಕೊಂಡು ಒಂಬತ್ತು ವರ್ಷ. ಒಬ್ಬಳೇ ಮಗಳು ರಾಯಾ ವಿಯೆನ್ನಾದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಓಣಿಯ ಉಳಿದ ಯಹೂದಿಗಳು ಒಬ್ಬರ ಹಿಂದೆ ಒಬ್ಬರು ಇಸ್ರೇಲಿಗೆ, ನ್ಯೂಯಾರ್ಕಿಗೆ ಹೋದರು. ನೀನು ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಬುಲೂರ್, "ಮುಂದಿನ ವಾರ ಮದುವೆ ಇದೆ, ಹೇಗೆ ಹೋಗ್ಲಿ?" ಅನ್ನುತ್ತಾಳೆ. ಮೂವತ್ತು ವರ್ಷದಿಂದ ಅದೇ ಉತ್ತರ.

ಮುಸಲ್ಮಾನರ ಮದುವೆಯಲ್ಲಿ ಹೆಂಗಸರ ಕೂಟದ ನಡುವೆ ಕೂತು ದಮ್ಮಡಿ ಬಾರಿಸಿ ಹಾಡುವುದು, ಮದುಮಗಳ ಕೈಹಿಡಿದು ಅಂಗಳಕ್ಕೆ ಕರೆತರುವುದು, ಇದು ಈ ಊರಲ್ಲಿ ತಲೆತಲಾಂತರದಿಂದ ಯಹೂದಿ ಹೆಂಗಸರ ಕಸುಬು. ಕುಂಬಾರ ಮಡಕೆ ಮಾಡುತ್ತಾನೆ, ಬುಲೂರ್ ಮದುವೆಗೆ ಹಾಡುತ್ತಾಳೆ. ಯಾಕೆ ಹೀಗೆ ಎಂದು ಯಾರೂ ತಲೆ ಕೆಡಿಸಿಕೊಂಡಿದ್ದಿಲ್ಲ.

ಅವಳ ತಾಯಿ ಮಫ್ರತಳದೊಂದು ನೇಮವಿತ್ತು. ದಮ್ಮಡಿಗೆ ಮೊದಲ ಪೆಟ್ಟು ಹಾಕುವ ಮುಂಚೆ ಎದ್ದು ನಿಂತು, ತಾನು ಯಾರು, ಯಾರ ಮಗಳು, ಯಾವ ಜನ ಎಂದು ಗಟ್ಟಿಯಾಗಿ ಹೇಳಬೇಕು. ಹಿಂದೆ ಊರಾಳುತ್ತಿದ್ದ ಅಮೀರನ ಕಾಲದಲ್ಲಿ ಯಹೂದಿಗಳು ಸೊಂಟಕ್ಕೆ ರೇಷ್ಮೆಯ ಪಟ್ಟಿ ಕಟ್ಟುವಂತಿರಲಿಲ್ಲ, ಹಗ್ಗ ಕಟ್ಟಬೇಕಿತ್ತು. ದೂರದಿಂದಲೇ ಗುರುತು ಸಿಗಲಿ ಅಂತ. "ನಮ್ಮಜ್ಜನಿಗೆ ಬೇರೆಯವರು ಹಗ್ಗ ಕಟ್ಟಿಸಿ ಗುರುತು ಮಾಡಿದ್ರು. ನನ್ನ ಗುರುತು ನಾನೇ ಹೇಳ್ತೀನಿ, ಯಾರೂ ಕಟ್ಟೋದು ಬೇಡ," ಅನ್ನುತ್ತಿದ್ದಳು ಮಫ್ರತ್. ಮಗಳು ಹದಿನಾಲ್ಕನೇ ವಯಸ್ಸಿಗೆ ಮಣಿಕಟ್ಟಿಗೆ ಗೆಜ್ಜೆ ಕಟ್ಟಿ ತಾಯಿಯ ಪಕ್ಕ ಕೂತ ದಿನದಿಂದ ಆ ನೇಮ ಒಂದು ಮದುವೆಯಲ್ಲೂ ತಪ್ಪಿರಲಿಲ್ಲ.

ಈ ಶರತ್ಕಾಲದಲ್ಲಿ ತಪ್ಪುವ ಹೊತ್ತು ಬಂತು.

ಪಕ್ಕದ ಮನೆಯ ಸಲೋಮತ್ ಒಂದು ಬೆಳಿಗ್ಗೆ ಬಂದಳು. ನಲವತ್ತೆಂಟು ವರ್ಷದ ನೆರೆ. ಎರಡು ಮನೆಗೂ ಒಂದೇ ಗೋಡೆ. ಅವಳ ಮೊಮ್ಮಗಳು ದಿಲ್ನವಾಜಳ ಮದುವೆ ಗುರುವಾರಕ್ಕೆ ನಿಶ್ಚಯವಾಗಿತ್ತು. ಬುಲೂರ್ ಅಂಗಳದಲ್ಲಿ ದಮ್ಮಡಿಯ ಚರ್ಮವನ್ನು ಬಿಸಿಲಿಗೆ ಹಿಡಿದು ಕೂತಿದ್ದಳು.

"ದಾಳಿಂಬೆ ಈ ಸಲ ಚೆನ್ನಾಗಿ ಬಿಟ್ಟಿದೆ," ಅಂದಳು ಸಲೋಮತ್.

"ಹೂಂ."

"ಚಳಿನೂ ಬೇಗ ಬರೋ ಹಾಗಿದೆ."

"ನೀನು ಚಳಿ ಸುದ್ದಿ ಹೇಳೋಕೆ ಬಂದವಳಲ್ಲ ಕಣೇ. ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ಏನು ಹೇಳು."

ಸಲೋಮತ್ ಸೆರಗಿನಂಥ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು. ಆಮೇಲೆ ವಿಷಯ ಹೊರಬಿತ್ತು. ಗಂಡಿನ ಕಡೆಯವರು ಕರ್ಷಿ ಊರಿನವರು. ಗಂಡಿನ ತಾಯಿ ತುರ್ಸುನೊಯ್ ಬುಲೂರಳ ಹಾಡಿನ ವಿಡಿಯೋ ನೋಡಿದ್ದಾಳೆ. ವಸಂತದಲ್ಲಿ ಯಾರದೋ ಮದುವೆಯಲ್ಲಿ ಹುಡುಗಿಯರು ಫೋನಿನಲ್ಲಿ ತೆಗೆದು ಊರಿಗೆಲ್ಲ ಹಂಚಿದ್ದು. ಹಾಡು ಅವಳಿಗೂ ಹಿಡಿಸಿದೆ. ಆದರೆ ಅದರ ಕೆಳಗೆ ಯಾರ್ಯಾರೋ ಬರೆದದ್ದನ್ನೂ ಓದಿದ್ದಾಳೆ.

"ಹಾಡ್ಲಿ, ಬೇಡ ಅನ್ನಲ್ಲ ಅಂತಾರೆ. ಆದ್ರೆ ಆ ಹೆಸರು, ಆ ಜಾತಿ ಎಲ್ಲಾ ಎದ್ದು ನಿಂತು ಹೇಳೋದು ಬೇಡ್ವಂತೆ. ನಮ್ಮವರ ಹೆಸರು, ಬರ್ನೋ ಅಂತ ಏನಾದ್ರೂ ಹೇಳಿದ್ರೆ... ಒಂದು ದಿನದ ಮಾತಲ್ವೇನೇ?"

ಬುಲೂರಳಿಗೆ ಆ ಬರಹಗಳು ಗೊತ್ತಿದ್ದವು. ಓದಬಾರದು ಅಂದುಕೊಂಡೇ ಎಲ್ಲವನ್ನೂ ಓದಿದ್ದಳು. ಬುಖಾರ ಯಾವ ದಿಕ್ಕಿಗಿದೆ ಎಂದೂ ತಿಳಿಯದವರು, ಯಾವ ದೇಶದಲ್ಲೋ ಮಂಚದ ಮೇಲೆ ಬಿದ್ದುಕೊಂಡು, ಈ ಮುದುಕಿಯನ್ನು ಸುಡಬೇಕು, ಇವಳನ್ನು ಕರೆದವರನ್ನೂ ಸುಡಬೇಕು ಎಂದು ಬರೆದಿದ್ದರು. ಎಲ್ಲೋ ಯುದ್ಧ, ಎಲ್ಲೋ ಜಗಳ, ಶಾಪ ಮಾತ್ರ ಮಂಡಿನೋವಿನ ಮುದುಕಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನ ಎಲ್ಲ ದೇಶದಲ್ಲೂ ಇದ್ದಾರೆ, ಈಗ ಅವರ ಕೈಗೆಲ್ಲ ಫೋನು ಬಂದಿದೆ.

"ಯೋಚನೆ ಮಾಡಿ ಹೇಳ್ತೀನಿ," ಅಂದಳು.

ಅವತ್ತು ಸಂಜೆ ರಾಯಾ ಫೋನ್ ಮಾಡಿದಾಗ ಬುಲೂರ್ ಎಲ್ಲವನ್ನೂ ಹೇಳಿಕೊಂಡಳು. ಮಗಳು ತನ್ನ ಪರವಾಗಿ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದಳು.

"ಬರ್ನೋ ಅಂತಾನೇ ಹೇಳು ಅಮ್ಮ. ನಿನ್ನ ಗಂಟೇನು ಹೋಗುತ್ತೆ?" ಅಂದಳು ರಾಯಾ. "ನಿನ್ನ ಮನೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಒಬ್ಬಳೇ ಇರ್ತೀಯ."

"ಮನೆ ಎಲ್ಲಿದೆ ಅಂತ ಗೊತ್ತಿರೋದ್ರಿಂದಲೇ ಕಣೇ ನಾಲ್ಕು ಜನ ಬರೋದು."

"ಹಾಗಾದ್ರೆ ಇಲ್ಲಿಗೇ ಬಂದ್ಬಿಡು."

"ಹೆಸರು ಮುಚ್ಚಿಡೋಕೆ ಅಷ್ಟು ದೂರ ಬರಬೇಕಾ? ಇಲ್ಲೇ ಮುಚ್ಚಿಟ್ಕೋಬಹುದು, ವೀಸಾ ಖರ್ಚೂ ಇಲ್ಲ."

ರಾಯಾ ನಗಲಿಲ್ಲ. ಎರಡು ವರ್ಷದ ಹಿಂದೆ ಅವರ ಕಟ್ಟಡದ ಮೆಟ್ಟಿಲ ಗೋಡೆಗೆ ಯಾರೋ ಯಹೂದಿಗಳನ್ನು ಬೈದು ಹೊಲಸು ಮಾತು ಗೀಚಿಹೋಗಿದ್ದರು. ಆ ವಾರವೇ ಅಳಿಯ, ಹೊರಬಾಗಿಲ ವಾಡಕ್ಕೆ ಹೊಡೆದಿದ್ದ, ಯಹೂದಿ ಮನೆಯ ಗುರುತಾದ ದೇವವಾಕ್ಯದ ಪುಟ್ಟ ಕೊಳವೆಯನ್ನು ಕಿತ್ತು ಒಳಗಡೆ ಹೊಡೆದುಕೊಂಡ. ಒಂಬತ್ತು ವರ್ಷದ ಮೊಮ್ಮಗಳು ಶೋಷಿಯ ಕೊರಳಲ್ಲಿದ್ದ ಯಹೂದಿ ನಕ್ಷತ್ರ ಅಂಗಿಯೊಳಗೆ ಹೋಯಿತು. ತಮ್ಮ ಮಾತು ಯಾರ ಕಿವಿಗೂ ಬೀಳದಿರಲಿ ಎಂದು, ಟ್ರಾಮಿನಲ್ಲಿ ಅಜ್ಜಿಯ ಫೋನ್ ಬಂದರೆ ಎತ್ತಬಾರದು ಎಂದಾಯಿತು.

"ತಮಾಷೆ ಅಲ್ಲಮ್ಮ. ಶೋಷಿ ಶಾಲೆಯಿಂದ ಬರೋದು ಐದು ನಿಮಿಷ ತಡ ಆದ್ರೆ ನನ್ನ ಹೊಟ್ಟೇಲಿ ಬೆಂಕಿ ಬಿದ್ದ ಹಾಗಾಗುತ್ತೆ. ನಿನ್ನ ಬಗ್ಗೆನೂ ಅದೇ ಬೆಂಕಿ ಇಟ್ಕೊಂಡಿರೋಕೆ ನನ್ನ ಕೈಲಾಗಲ್ಲ."

ಬೈದವರಿಗೆ ಬುಲೂರ್ ಹೆದರುವವಳಲ್ಲ, ಮಗಳ ಹೊಟ್ಟೆ ಉರಿಯುವುದಕ್ಕೆ ಹೆದರಿದಳು. ಮರುದಿನ ಗೋಡೆಯಾಚೆ ಕೂಗಿ ಹೇಳಿದಳು: "ಸಲೋಮತ್, ಬರ್ನೋ ಅಂತಾನೇ ಹೇಳ್ತೀನಿ, ಬಿಡು." ಹೇಳಿ ಒಳಗೆ ಬಂದು, ಗೋಡೆಯ ಮೇಲಿದ್ದ ತಾಯಿಯ ಫೋಟೋ ಕಡೆ ಬೆನ್ನು ಮಾಡಿಕೊಂಡು ಚಹಾ ಕುಡಿದಳು. ನಾಚಿಕೆಯಾಗಿತ್ತು. ಅರವತ್ತು ದಾಟಿದ ಮೇಲೂ ತಾಯಿಯ ಎದುರು ಹೀಗೆ ನಾಚಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಸಲೋಮತಳ ಅಂಗಳದ ತುಂಬ ಹೆಂಗಸರು. ಗಂಡಿನ ಕಡೆಯವರಿಗೆ ಮೇಲ್ಗಡೆಯ ಹಾಸು, ಅಲ್ಲಿ ತುರ್ಸುನೊಯ್ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಹಾಡಿಗೆ ಮುಂಚೆ ಊಟ. ಎಲ್ಲರ ಮುಂದೆ ಮಾಂಸದ ಪಲಾವಿನ ಹರಿವಾಣಗಳು ಬಂದವು. ಸಲೋಮತ್ ಗೋಡೆಯ ಗೂಡಿನಿಂದ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನೀಲಿ ಅಂಚಿನ ಬಟ್ಟಲೊಂದನ್ನು ತೆಗೆದು, ಬಿಚ್ಚಿ, ಒಣದ್ರಾಕ್ಷಿ, ಆಕ್ರೋಟು, ಸಿಪ್ಪೆ ಸಮೇತ ಬೇಯಿಸಿದ ಎರಡು ಮೊಟ್ಟೆ ಹಾಕಿ ಬುಲೂರಳ ಮುಂದಿಟ್ಟಳು.

ತುರ್ಸುನೊಯ್ ಇದನ್ನೆಲ್ಲ ನೋಡುತ್ತಿದ್ದಳು. ಸಲೋಮತ್ ಪಕ್ಕಕ್ಕೆ ಬಂದಾಗ ಮೆಚ್ಚಿಕೆಯಿಂದಲೇ ಅಂದಳು: "ಒಳ್ಳೇದು ಮಾಡಿದ್ರಿ ಬೀಗರೇ, ಅವಳ ಬಟ್ಟಲು ಬೇರೆ ಇಟ್ಟಿದೀರಿ. ಎಷ್ಟೇ ಆಗ್ಲಿ ಅವರವರನ್ನ ಅವರವರ ಜಾಗದಲ್ಲಿ ಇಡ್ಬೇಕು. ನಮ್ಮ ಪಾತ್ರೆಗೆ ಯಾಕೆ ಮೈಲಿಗೆ?"

ಮೆಲ್ಲಗೆ ಹೇಳಿದ್ದೇ. ಆದರೆ ಹಾಡುವವರ ಕಿವಿ ಬೇರೆ ಥರ ಇರುತ್ತದೆ, ಬುಲೂರಳಿಗೆ ಅಕ್ಷರ ಅಕ್ಷರ ಕೇಳಿಸಿತು. ಸಲೋಮತಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಐದು ದಿನದಿಂದ ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಿದ್ದದ್ದು ಆಗ ಹೊರಗೆ ಬಂತು.

"ತಪ್ಪು ತಿಳ್ಕೊಂಡ್ರಿ ಬೀಗರೇ. ಇದು ನಮ್ಮ ಮೈಲಿಗೆಗೆ ಇಟ್ಟ ಬಟ್ಟಲಲ್ಲ. ಅವರ ನೇಮಕ್ಕೆ ಇಟ್ಟಿದ್ದು. ನಮ್ಮ ಮಾಂಸ ಮುಟ್ಟಿದ ಪಾತ್ರೇಲಿ ಅವರು ತಿನ್ನೋ ಹಾಗಿಲ್ಲ. ಹಂಗೆ ನೋಡಿದ್ರೆ ಮೈಲಿಗೆ ಆಗಿರೋರು ನಾವೇ." ಅಂಗಳದಲ್ಲಿ ಒಂದಿಬ್ಬರು ಮುದುಕಿಯರು ಕಿಸಕ್ಕನೆ ನಕ್ಕರು. ಸಲೋಮತ್ ನಿಲ್ಲಿಸಲಿಲ್ಲ. "ನಾನು ಹೊಸ ಸೊಸೆ ಆಗಿ ಬಂದಾಗ ತಿಳೀದೆ ಇಂಥದೇ ಬಟ್ಟಲಿಗೆ ಕುರಿ ಸಾರು ಬಡಿಸಿಬಿಟ್ಟೆ. ನಮ್ಮತ್ತೆ ಒಂದು ಮಾತು ಆಡಲಿಲ್ಲ. ಚಾದರ ಹೊದ್ದುಕೊಂಡು ಪೇಟೆಗೆ ನಡೆದು ಹೋಗಿ ಹೊಸಾ ಬಟ್ಟಲು ತಂದ್ರು, ಇವಳ ತಾಯಿಗೆ ಅಂತ. ಇವತ್ತಿಗೂ ಇದನ್ನ ನಾನೇ ತೊಳೆಯೋದು, ಸೊಸೆ ಕೈಗೂ ಕೊಡಲ್ಲ."

ಅಷ್ಟು ಹೇಳಿ ಅವಳು ಬುಲೂರಳ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ನಿನ್ನ ನೇಮ ಇಷ್ಟು ವರ್ಷ ಕಾಯ್ಕೊಂಡು ಬಂದು, ನಿನ್ನ ಹೆಸರು ಬೇಡ ಅಂತ ನಾನೇ ಬಂದು ಹೇಳಿದ್ನಲ್ಲೇ. ನನ್ನ ಬಾಯಿಗೆ ಹುಳ ಬೀಳ."

ಮುಂದೇನು ಎಂಬುದು ಈಗ ಬುಲೂರಳ ಕೈಯಲ್ಲಿತ್ತು. ಗೆದ್ದೆ ಎಂದು ಎದ್ದು ಹೆಸರು ಹೇಳಿಬಿಡುವುದು ಸುಲಭ. ಆದರೆ ಒಳಗೆ ಪರದೆಯ ಹಿಂದೆ ದಿಲ್ನವಾಜ್ ಕೂತಿದ್ದಾಳೆ. ನಾಳೆ ಇದೇ ತುರ್ಸುನೊಯ್‌ಳ ಅಡುಗೆಮನೆಗೆ ಕಾಲಿಡುವ ಹುಡುಗಿ. ಮೊದಲ ದಿನದ ಅವಮಾನವನ್ನು ಅತ್ತೆಯಂದಿರು ಮರೆಯುವುದುಂಟೇ? ಬುಲೂರ್ ಮಂಡಿ ಹಿಡಿದುಕೊಂಡು ಎದ್ದು, ಮೇಲ್ಗಡೆಯ ಹಾಸಿನ ಹತ್ತಿರ ಹೋಗಿ, ತುರ್ಸುನೊಯ್‌ಳ ಪಕ್ಕದಲ್ಲೇ ಕೂತಳು.

"ಬೀಗಿತ್ತಿ, ಬೈಯೋಕೆ ಬಂದಿಲ್ಲ. ನಿಮ್ಮ ಹೆದರಿಕೆ ಏನು, ಅದನ್ನ ಹೇಳಿ."

ತುರ್ಸುನೊಯ್ ತನ್ನ ಬಳೆ ತಿರುಗಿಸಿಕೊಂಡಳು. "ನನ್ನ ಹಿರಿ ಮಗ ಹೊರದೇಶದಲ್ಲಿ ಕಟ್ಟಡದ ಕೆಲಸಕ್ಕಿದಾನೆ," ಅಂದಳು. "ಒಂದು ಕೋಣೇಲಿ ಹನ್ನೆರಡು ಜನ. ತಮ್ಮನ ಮದುವೆ ವಿಡಿಯೋ ಅವರೆಲ್ಲ ನೋಡ್ತಾರೆ. ಯಹೂದಿನ ಕರೆಸಿದ್ರಾ ಅಂತ ಅವನನ್ನ ಹರಿದು ತಿಂದುಬಿಡ್ತಾರೆ. ಅವನೇ ಫೋನ್ ಮಾಡಿ ಬೇಡಿಕೊಂಡ. ನನಗೇನು ನಿಮ್ಮ ಮೇಲೆ ಹಗೆ ಇಲ್ಲ."

"ನನ್ನ ಮಗಳೂ ಫೋನ್ ಮಾಡಿ ಅದನ್ನೇ ಬೇಡಿಕೊಂಡ್ಲು," ಅಂದಳು ಬುಲೂರ್. "ನೋಡಿ, ನಿಮ್ಮ ಮಗ, ನನ್ನ ಮಗಳು, ಇಬ್ಬರೂ ಹೆದರಿಕೊಂಡಿರೋದು ಒಂದೇ ಜನಕ್ಕೆ. ಮಕ್ಕಳು ಪರಊರಲ್ಲಿದಾರೆ, ಹೆದರ್ತಾರೆ, ಪಾಪ. ನಾವು ನಮ್ಮ ಓಣೀಲಿ, ನಮ್ಮ ಅಂಗಳದಲ್ಲಿ ಕೂತಿದೀವಿ. ಇಲ್ಲೂ ಹೆದರಿಕೊಂಡ್ರೆ ಮದುವೆ ಮಾಡೋರು ಯಾರು?"

ತುರ್ಸುನೊಯ್ ತಟ್ಟೆಯಿಂದ ಒಂದು ಆಕ್ರೋಟು ಎತ್ತಿ ಒಡೆದು, ತಿರುಳನ್ನು ಬುಲೂರಳ ಅಂಗೈಗೆ ಹಾಕಿದಳು. "ಮದುಮಗಳು ಆಗ್ಲಿಂದ ಕಾಯ್ತಿದಾಳೆ," ಅಂದಳು.

ಬುಲೂರ್ ಅದನ್ನು ಬಾಯಿಗೆ ಹಾಕಿಕೊಂಡು ಅಂಗಳದ ನಡುವೆ ಬಂದಳು. ಹುಡುಗಿಯರು ಫೋನುಗಳನ್ನು ಮೇಲೆತ್ತಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ತೆಗೀರಿ, ತೆಗೀರಿ," ಅಂದಳು. "ಹೋದ ಸಲದ್ದರಲ್ಲಿ ನನಗೆ ಮೂರು ಗದ್ದ ಬಂದಿತ್ತು. ಈ ಸಲ ಸ್ವಲ್ಪ ಮೇಲಿಂದ ಹಿಡೀರಿ."

ನಗು ಅಡಗುವ ತನಕ ಕಾದು, ದಮ್ಮಡಿಯನ್ನು ಎದೆಯ ಮಟ್ಟಕ್ಕೆ ಎತ್ತಿದಳು. ಮಣಿಕಟ್ಟಿನ ಗೆಜ್ಜೆ ಘಲ್ಲೆಂದಿತು.

"ನಾನು ಬುಲೂರ್. ಮಫ್ರತಳ ಮಗಳು. ಈ ಓಣಿಯ ಯಹೂದಿ ಹೆಂಗಸು. ಈ ಮನೆಯ ಅಜ್ಜಿಯನ್ನ ನಮ್ಮಮ್ಮ ಕೈಹಿಡಿದು ಒಳಗೆ ಕರ್ಕೊಂಡು ಬಂದಳು, ಅವಳ ಮಗಳನ್ನ ನಾನು ಕರ್ಕೊಂಡು ಹೋದೆ. ಈಗ ಮೊಮ್ಮಗಳ ಸರದಿ. ಏಳು ದಿಲ್ನವಾಜ್, ಬಾ ಮಗಳೇ."

ಪರದೆ ಸರಿಯಿತು. ಆಮೇಲೆ ಎರಡು ಗಂಟೆ ಹಾಡು ನಿಲ್ಲಲಿಲ್ಲ. ಒಂದು ಮುಗಿಯುವ ಮುಂಚೆ ಇನ್ನೊಂದಕ್ಕೆ ಜಿಗಿಯುವುದು ಮಫ್ರತಳ ಪದ್ಧತಿ, ಕುಣಿಯುವವರಿಗೆ ಕೂರಲು ಬಿಡಬಾರದು. ತುರ್ಸುನೊಯ್ ಎಲ್ಲರಿಗಿಂತ ಕೊನೆಗೆ ಎದ್ದು, ಕೈ ಎರಡೂ ಮೇಲೆತ್ತಿ ಒಂದೇ ಸುತ್ತು ಕುಣಿದು ಕೂತಳು. ಅಷ್ಟಕ್ಕೇ ಕರ್ಷಿ ಕಡೆಯವರೆಲ್ಲ ಎದ್ದರು.

ಮರುದಿನ, ಶುಕ್ರವಾರ, ಬುಲೂರ್ ಸಬ್ಬತ್ತಿನ ವಿಶ್ರಾಂತಿ ದಿನದ ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದಾಗ ಫೋನ್ ಬಂತು, ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟಳು. ವಿಯೆನ್ನಾದಲ್ಲಿ ಇನ್ನೂ ಬೆಳಗಿನ ಹೊತ್ತು. ವಿಡಿಯೋ ಅಲ್ಲಿಗೆ ಆಗಲೇ ಮುಟ್ಟಿತ್ತು.

"ನೋಡಿದೆ," ಅಂದಳು ರಾಯಾ.

"ಬೈಯೋದಿದ್ರೆ ಬೈದುಬಿಡು. ಗಂಟಲು ಹೋಗಿದೆ, ತಿರುಗಿ ಬೈಯೋಕೆ ನನ್ನ ಕೈಲಾಗಲ್ಲ."

"ಯಾರೂ ಏನೂ ಮಾಡಲಿಲ್ವಾ ಅಮ್ಮ?"

"ಮಾಡಿದ್ರು. ನಾಲ್ಕು ಸಲ ಒಂದೇ ಹಾಡು ಹಾಡಿಸಿದ್ರು."

ರಾಯಾ ನಕ್ಕಳೋ ಅತ್ತಳೋ, ಫೋನಿನ ಗೊರಗೊರ ಸದ್ದಿನಲ್ಲಿ ತಿಳಿಯಲಿಲ್ಲ. ಅಷ್ಟರಲ್ಲಿ ಶಾಲೆಗೆ ಹೊರಟು ಬಾಗಿಲು ತೆಗೆದು ನಿಂತಿದ್ದ ಶೋಷಿ ಬ್ಯಾಗು ಸಮೇತ ಓಡಿಬಂದು ಫೋನ್ ಕಿತ್ತುಕೊಂಡಳು.

"ಅಜ್ಜಿ, ನಾನೂ ಹೇಳ್ಲಾ? ಸರಿ ಇದೆಯಾ ನೋಡು." ಬಾಗಿಲ ಹತ್ತಿರಕ್ಕೆ ಹೋಗಿ, ಅಜ್ಜಿಯ ಹಾಗೆಯೇ ಗದ್ದ ಮೇಲೆತ್ತಿ ನಿಂತು ಕೂಗಿದಳು: "ನಾನು ಶೋಷಿ. ರಾಯಾಳ ಮಗಳು, ಬುಲೂರಳ ಮೊಮ್ಮಗಳು. ನಾನು ಯಹೂದಿ."

"ಶ್, ಮೆಲ್ಲಗೆ ಕಣೇ. ಮೆಟ್ಟಿಲ ಮೇಲೆ ಜನ ಓಡಾಡ್ತಿರ್ತಾರೆ," ಎಂದಳು ರಾಯಾ, ಎರಡು ವರ್ಷದ ಅಭ್ಯಾಸದಂತೆ.

ಹುಡುಗಿ ಬಾಯಿ ಮುಚ್ಚಿಕೊಂಡಳು. ಬುಲೂರ್ ಅಕ್ಕಿಯ ನೀರಿನಲ್ಲಿ ಕೈ ಅದ್ದಿಕೊಂಡೇ ಕಾದಳು. ಆ ಕಡೆ ರಾಯಾ ಉಸಿರು ಬಿಡುವುದು ಕೇಳಿಸಿತು.

"ಇರ್ಲಿ ಬಿಡು," ಅಂದಳು ರಾಯಾ ಮಗಳಿಗೆ. "ಇನ್ನೊಂದು ಸಲ ಹೇಳು."