ಬಾತ್ಮೀದಾರ ಸೊಣ್ಣಪ್ಪನವರು
ಬಂಗಾರಪೇಟೆಯ ಬಾತ್ಮೀದಾರ ಸೊಣ್ಣಪ್ಪನವರು ಪತ್ರಿಕೆಗೆ ಕಳಿಸುವ ಸುದ್ದಿಯ ಲಕೋಟೆಯನ್ನು ಕಣ್ಣಿಗೊತ್ತಿಕೊಳ್ಳದೆ ಎಂದೂ ಬೆಂಗಳೂರಿನ ರೈಲಿಗೆ ಹಾಕಿದವರಲ್ಲ. ಅಷ್ಟು ಭಕ್ತಿ ದೇವರ ತೀರ್ಥಕ್ಕೂ ಸಿಕ್ಕಿದ್ದಿಲ್ಲ. ಗಣಿಯ ಕಾವಲುಗಾರನೊಬ್ಬನ ಕೊಲೆಯಾದ ದಿನ ಅವರ ಬರಹದಲ್ಲಿ ಬರೀ ಒಂದು ಚಾಕುವಿತ್ತು. ವಾರದೊಳಗೆ ಅದು ಮಚ್ಚಾಯಿತು, ನಡುವೆ ಒಬ್ಬ ಹೆಂಗಸೂ ಬಂದು ಸೇರಿದಳು. ಪೊಲೀಸರು ಹಿಡಿದ ಕೂಲಿ ಪೆರುಮಾಳನನ್ನು ಪುಢಾರಿ ದೊಡ್ಡವೆಂಕಟಪ್ಪನವರು ಚುನಾವಣೆಗೆ ಮುಂಚೆ ‘ಕಾರ್ಮಿಕರ ಕಣ್ಮಣಿ’ ಎಂದು ಕೂಗಿದರೆ ಇವರು ಹಾಗೆಯೇ ಬರೆದರು; ಗೆದ್ದ ಮೇಲೆ ‘ನರರಾಕ್ಷಸ’ ಎಂದರೆ ಅದನ್ನೂ ಬರೆದರು. ಪೆರುಮಾಳನಿಗೆ ಜಾಮೀನು ಸಿಗಲಿಲ್ಲ, ಅವನ ತಾಯಿ ಮಾರುವ ಸೊಪ್ಪನ್ನು ಕೊಳ್ಳುವವರೂ ಇಲ್ಲವಾದರು. “ಅವನನ್ನ ನೀವು ಕಣ್ಣಾರೆ ನೋಡಿದ್ದೀರಾ?” ಎಂದು ಪಕ್ಕದ ಮನೆಯ ನಾನು ಕೇಳಿದರೆ, “ನೋಡ್ಬಿಟ್ರೆ ಆಮೇಲೆ ಬರೆಯೋಕೆ ಕೈ ಓಡ್ತದೇನಮ್ಮ?” ಎಂದು ನಕ್ಕರು. ಮೊನ್ನೆ ಅದೇ ಕೇಸಿನಲ್ಲಿ ಅವರ ತಂಗಿ ಮಂಗಮ್ಮನ ಮಗನನ್ನೂ ಪೊಲೀಸರು ಹಿಡಿದರು. ದೊಡ್ಡವೆಂಕಟಪ್ಪನವರು ಮನೆಗೇ ಬಂದು, “ಯೋಚ್ನೆ ಬಿಡಿ ಸೊಣ್ಣಪ್ಪನೋರೇ, ನಾಳೆ ಸಂತೆ ಮೈದಾನದಾಗೆ ನಿಮ್ಮುಡ್ಗನ ಪರವಾಗಿ ಸಭೆ ಇಡ್ತೀನಿ, ಪೇಪರ್ನೋರ್ನೆಲ್ಲಾ ಕರೀತೀನಿ” ಎಂದರು. ಸೊಣ್ಣಪ್ಪನವರು ಎದ್ದು, ಬೀದಿ ಬಾಗಿಲು ಓರೆ ಮಾಡಿ ಬಂದು ಕೈ ಮುಗಿದರು: “ಬ್ಯಾಡ ಸ್ವಾಮಿ. ಅವನು ಮನೆಗೆ ಬರಬೇಕು.”